ಅರ್ಧ ಕಮಲದ ಬಾಗಿಲು

ಬಾಗಿಲೊಂದನ್ನು ಹುಡುಕಿಕೊಂಡು ಇಬ್ಬರು ಗಂಡಸರು ಸಂಗವ್ವನ ಮನೆಗೆ ಬಂದದ್ದು ಶ್ರಾವಣ ಕಳೆದ ಮೇಲಿನ ಒಂದು ರವಿವಾರ. ಹಳೇ ಬಾಗಲಕೋಟೆಯ ಬಾಗಿಲು, ತೊಲೆ, ಕಂಬ ಕೇಳಿಕೊಂಡು ನವನಗರದ ಓಣಿಗಳಲ್ಲಿ ತಿರುಗುವವರು ಹಿಂದೆಯೂ ಇದ್ದರು, ಕಟ್ಟಿಗೆ ವ್ಯಾಪಾರದವರು. ಅಂಥವರೇ ಇರಬೇಕೆಂದುಕೊಂಡು, ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದ ಸಂಗವ್ವ ಮೊರದಿಂದ ತಲೆ ಎತ್ತಲಿಲ್ಲ.

"ಬಾಗಲಾ ಮಾರಿ ಭಾಳ ವರ್ಷ ಆತ್ರಿ. ಈಗಿರೂದು ತಗಡಿಂದು. ಬೇಕಂದ್ರ ಅದನ್ನ ಒಯ್ರಿ, ಭಾಳ ಸಪ್ಪಳ ಮಾಡ್ತೈತಿ."

ಇಬ್ಬರೂ ನಕ್ಕರು.

"ಕೊಳ್ಳಾಕ ಬಂದಿಲ್ರಿ ಅಮ್ಮಾರ," ಎಂದ ಕಿರಿಯವನು. "ನಿಮ್ಮ ಹಳೀ ಮನ್ಯಾಗ ಟೀವಿ ಧಾರಾವಾಹಿ ಶೂಟಿಂಗ್ ಆಗಿತ್ತಂತಲ್ರಿ, ಅದನ್ನ ಕೇಳಾಕ ಬಂದೇವಿ."

ಮೊರದ ಮೇಲೆ ಓಡಾಡುತ್ತಿದ್ದ ಸಂಗವ್ವನ ಕೈ ನಿಂತಿತು.

ಕಿರಿಯವನ ಹೆಸರು ಪ್ರವೀಣಕುಮಾರ, ಹುನಗುಂದದಲ್ಲಿ ಹೈಸ್ಕೂಲು ಮಾಸ್ತರ. ಹಿರಿಯವನು ಶಾಬುದ್ದೀನ, ಇಳಕಲ್ಲಿನವನು. ಹಿಂದೆ ಅಲ್ಲಿ ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ. ಈಗ ಅದೇ ಅಂಗಡಿಯಲ್ಲಿ ಮೊಬೈಲಿನ ಕವರು, ಗಾಜು ಮಾರುತ್ತಾನೆ. ಹಳೆಯ ಕ್ಯಾಸೆಟ್ಟುಗಳನ್ನು ಮಾತ್ರ ಎಸೆದಿರಲಿಲ್ಲ. ಹೆಂಡತಿ ಬೈದಾಗೊಮ್ಮೆ ಮಾಳಿಗೆಗೆ, ಮಾಳಿಗೆ ಸೋರಿದಾಗೊಮ್ಮೆ ಕೆಳಕ್ಕೆ, ಹೀಗೆ ಹೊತ್ತು ತಿರುಗಿಸಿ ಉಳಿಸಿಕೊಂಡಿದ್ದ.

ಸಂಗವ್ವ ಇಬ್ಬರನ್ನೂ ಒಳಗೆ ಕರೆದು ಕೂರಿಸಿ, ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ತಂದಿಟ್ಟಳು. ಬಂದವರು ಯಾರೇ ಇರಲಿ, ಮಾತಿಗೆ ಮೊದಲು ನೀರು. ಅತ್ತೆ ಗುರುಸಿದ್ದವ್ವ ಹಾಕಿಕೊಟ್ಟ ರೂಢಿ ಅದು. ಹಳೇ ಮನೆ ಆಣೆಕಟ್ಟಿನ ಹಿನ್ನೀರಿನೊಳಗೆ ಹೋದರೂ ರೂಢಿ ಹೋಗಿರಲಿಲ್ಲ. ಗೋಡೆಗೆ ಹಚ್ಚಿದ ಮಂಚದ ಮೇಲೆ ಗಂಡ ರಾಚಯ್ಯ ದಿಂಬಿಗೆ ಒರಗಿದ್ದ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಮಡಿಲಿಗೆ ಬಿದ್ದಿತ್ತು. ಮಾತು ಒಂದೊಂದಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು.

"ಏನ್... ಕೆಲಸಾ ಇದು?" ಎಂದ ರಾಚಯ್ಯ.

"ಕೆಲಸಲ್ರಿ ಅಯ್ಯಾರ, ಹುಚ್ಚ," ಎಂದ ಶಾಬುದ್ದೀನ. "ನಮ್ಮದೊಂದ ವಾಟ್ಸಾಪ್ ಗುಂಪೈತ್ರಿ. ಹಳೀ ಧಾರಾವಾಹಿ ನೋಡೂದು. ಆದ್ರ ಕತಿ ನೋಡೂದಲ್ಲ, ಕತಿ ಯಾರಿಗೆ ಬೇಕು. ಮಂದಿ ಹಿಂದಿನ ಗ್ವಾಡಿ ನೋಡೂದು, ಪಾವಟಿಗಿ ನೋಡೂದು. ಇದು ಯಾವ ಊರು, ಇದನ್ನ ಮತ್ತೆಲ್ಲಿ ತೋರಿಸ್ಯಾರ ಅಂತ ಹಿಡಿಯೂದು. ಬದಾಮಿ ಹೊಂಡದ ಪಾವಟಿಗಿ ಐತಲ್ರಿ, ಒಂದ್ರಾಗ ಅದನ್ನ ಕಾಶಿ ಅಂದಾರ. ಮುದುಕ ಅಲ್ಲೇ ಜಳಕಾ ಮಾಡಿ ಪ್ರಾಣಾ ಬಿಡ್ತಾನ. ಇನ್ನೊಂದ್ರಾಗ ಅದೇ ಮುದುಕ ಅದೇ ಪಾವಟಿಗಿ ಮ್ಯಾಲೆ ಕುಂತು ಬೀಡಿ ಸೇದ್ತಾನ!"

"ಕೆರೂರ ಬಸ್‌ಸ್ಟ್ಯಾಂಡ ಮುಂಬೈ ಆಗಿತ್ರಿ ಒಮ್ಮಿ," ಎಂದ ಪ್ರವೀಣಕುಮಾರ. "ಹಿಂದ ಎಮ್ಮಿ ನಿಂತಿತ್ತು."

ರಾಚಯ್ಯನ ಬಾಯಿಯ ಎಡಭಾಗ ನಕ್ಕಿತು. ಸಂಗವ್ವ ನಗಲಿಲ್ಲ. ಅವಳ ಕಣ್ಣು ಪ್ರವೀಣಕುಮಾರನ ಕೈಯಲ್ಲಿದ್ದ ಮೊಬೈಲಿನ ಮೇಲಿತ್ತು.

ಅವನು ಮೊದಲು ತೋರಿಸಿದ್ದು ದೇಸಾಯರ ಕತೆಯ ಧಾರಾವಾಹಿಯ ತುಣುಕು. ಮೂಲ ಟೇಪುಗಳ ಮೇಲೆ ಎಂದೋ ಬೇರೆ ಏನೇನೋ ತುಂಬಿದ್ದರಂತೆ. ಉಳಿದದ್ದು ಶಾಬುದ್ದೀನ ಮನೆಯ ಟೀವಿಯಿಂದ ಹಿಡಿದಿಟ್ಟ ಮೊದಲ ಕಂತು ಮಾತ್ರ. ಬಣ್ಣ ಸೋರಿದ ಚಿತ್ರದಲ್ಲಿ ಹಳೇ ಊರಿನ ಅವರ ಮನೆಯ ತಲಬಾಗಿಲು ನಿಂತಿತ್ತು. ಹಿತ್ತಾಳೆಯ ಗುಬ್ಬಿಗಳು, ನೆತ್ತಿಯಲ್ಲಿ ಕೆತ್ತಿದ ಲಿಂಗ, ಚೌಕಟ್ಟಿನ ಎರಡೂ ತೋಳುಗಳ ಬುಡದಲ್ಲಿ ಅರಳಿದ ಕಮಲ. ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಆ ಕಮಲಗಳ ಒಂದೊಂದು ಎಸಳಿಗೂ ಬೆರಳಿನಿಂದ ಅರಿಷಿಣ ತುಂಬುತ್ತಿದ್ದವಳು ಸಂಗವ್ವ. ಬೆರಳು ತಾನೇ ಮಡಚಿಕೊಂಡಿತು.

"ಮುಂದ?" ಎಂದಳು.

"ಇಷ್ಟ ಇರೂದ್ರಿ. ನಿಮಗ ಶೂಟಿಂಗಿಂದು ಏನರೆ ನೆನಪ ಐತೇನು?"

ನೆನಪಿದ್ದದ್ದು ಅದೊಂದೇ ಎನ್ನುವ ಹಾಗೆ ಸಂಗವ್ವ ಹೇಳಿದಳು. ಅಮಲ್ದಾರನ ವೇಷದವನು ಬಾಗಿಲು ದಾಟಿ ಒಳಗೆ ಬರಬೇಕು, ದೇಸಾಯರನ್ನು ಬೈಯಬೇಕು. ಮನೆ ಮಂದಿಯನ್ನೆಲ್ಲ ಹಿತ್ತಿಲಿಗೆ ಅಟ್ಟಿದ್ದರು. ಅಮಲ್ದಾರ ಒಳಗೆ ಬಂದ, ಬಾಯಿ ತೆರೆದ. ಅಷ್ಟರಲ್ಲಿ ಅಡಿಗೆಮನೆಯಿಂದ ಅವಳ ಮಗಳು ದಾನೇಶ್ವರಿ, ಆರು ವರ್ಷದ್ದು, ತಂಬಿಗೆ ಹಿಡಿದು ನಡೆದು ಬಂದು ಅವನ ಮುಂದೆ ನಿಂತಿತು. ಮನೆಗೆ ಯಾರೋ ಬಂದಿದ್ದಾರೆ, ನೀರು ಕೊಡಬೇಕು. ಮಗುವಿಗೆ ಗೊತ್ತಿದ್ದದ್ದು ಅಷ್ಟೇ. ಎಡ ಅಂಗೈ ತಂಬಿಗೆಯ ಕೆಳಗೆ, ಬಲಗೈ ಕೊರಳಿಗೆ. ಗುರುಸಿದ್ದವ್ವ ಕಲಿಸಿದ ಹಾಗೆ, ಒಂದು ಹನಿ ಚೆಲ್ಲದೆ. ಅಮಲ್ದಾರ ಬೈಯುವುದನ್ನು ಮರೆತು ನೀರು ಕುಡಿದ. ಮೈಸೂರು ಕಡೆಯ ಡೈರೆಕ್ಟರು, "ನಿಲ್ಲಿಸ್ಬೇಡಿ, ಇರ್ಲಿ, ಇರ್ಲಿ," ಎಂದು ಪಿಸುಗುಟ್ಟಿದ್ದು ಹಿತ್ತಿಲ ಬಾಗಿಲ ಸಂದಿಯಿಂದ ನೋಡುತ್ತಿದ್ದ ಸಂಗವ್ವನಿಗೂ ಕೇಳಿತ್ತು.

ಆ ಕಂತು ಟೀವಿಯಲ್ಲಿ ಬಂದ ಸಂಜೆ ಊರಿನಲ್ಲಿ ಕರೆಂಟು ಇರಲಿಲ್ಲ. ಮತ್ತೊಮ್ಮೆ ಹಾಕುತ್ತಾರೆ ಎಂದು ಎಲ್ಲರೂ ಅಂದರು. ಹಾಕಲಿಲ್ಲ. ಬೇಸಿಗೆಗೆ ಮೆದುಳು ಜ್ವರ ಬಂದು ದಾನಿ ಹೋಯಿತು. ಅದಕ್ಕೂ ಮೊದಲಿನ ಎರಡು ಕೂಸುಗಳನ್ನು ಕಳೆದುಕೊಂಡ ಮನೆ. ಮಗುವಿಗೆ ಏಳು ತುಂಬುವ ತನಕ ಫೋಟೋ ತೆಗೆಸಬಾರದೆಂದು ಗುರುಸಿದ್ದವ್ವ ಹಟ ಹಿಡಿದಿದ್ದಳು, ಆಯುಷ್ಯ ಕಡಿಮೆಯಾಗುತ್ತದೆಂದು. ಏಳು ತುಂಬಲಿಲ್ಲ, ಫೋಟೋ ಉಳಿಯಲಿಲ್ಲ. ಆಮೇಲೆ ಹಿನ್ನೀರು ಬಂತು. ಮನೆ ಬಿಚ್ಚಿದರು. ಬಾಗಿಲನ್ನು ಕಮತಗಿಯ ಎಣ್ಣೆ ವ್ಯಾಪಾರಿ ಶಂಕರಲಿಂಗಪ್ಪ ಎತ್ತಿಕೊಂಡು ಹೋದ. ನವನಗರಕ್ಕೆ ಬಂದ ಮೇಲೆ ಗಂಡುಮಗ ಹುಟ್ಟಿದ, ಬೆಳೆದ, ಅವನಿಗೆ ಹೆಂಡತಿ ಬಂದಳು. ಆದರೆ ಇತ್ತೀಚೆಗೆ ಸಂಗವ್ವನಿಗೆ ದಾನಿಯ ಮುಖ ಜಾರತೊಡಗಿತ್ತು. ಮೂಗುಬೊಟ್ಟು ನೆನಪಾಗುತ್ತಿತ್ತು, ಮೂಗು ನೆನಪಾಗುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಇವತ್ತೂ ಹೇಳಲಿಲ್ಲ.

ಆಕೆ ಮಾತು ಮುಗಿಸಿದಾಗ ಶಾಬುದ್ದೀನ ಮಾಸ್ತರನ ಕಡೆ ತಿರುಗಿದ. "ತಂಬಿಗಿ ಹಿಡಕೊಂಡು ಹುಡುಗಿ ಬರೂದು... ಆ ಹೆಸರಿಲ್ಲದ ಕ್ಯಾಸೆಟ್ಟನ್ಯಾಗ ಒಂದ ಸೀನ ಐತಲ್ಲೋ ಮಾಸ್ತರ?"

ಪ್ರವೀಣಕುಮಾರನ ಕೈ ಆಗಲೇ ಮೊಬೈಲಿನಲ್ಲಿ ಹುಡುಕುತ್ತಿತ್ತು. "ಅದ ಬಾಗಲಾ, ಅದ ನಟ. ಎಲ್ಲಿಂದಂತ ಗೊತ್ತಾಗಿರಲಿಲ್ಲ. ಅಂದ್ರ ಅದೂ ದೇಸಾಯರ ಧಾರಾವಾಹೀದ ಕಂತು! ಅಮ್ಮಾರ, ಇಲ್ನೋಡ್ರಿ."

ಮಳೆ ಸುರಿದಂತೆ ಗೆರೆ ಬೀಳುತ್ತಿದ್ದ ಚಿತ್ರ. ಬಾಗಿಲು. ಅದರೊಳಗಿಂದ ಬಂದ ಗಂಡಸು. ಎದುರಿಗೆ ಲಂಗ ತೊಟ್ಟ ಸಣ್ಣ ಹುಡುಗಿ, ಎರಡು ಜಡೆ, ಕೈಯಲ್ಲಿ ತಂಬಿಗೆ. ಮುಖ ಅರ್ಧ ಮಾತ್ರ ಕಾಣುತ್ತಿತ್ತು, ಅದೂ ಮಸುಕು. ಎರಡು ಹೆಜ್ಜೆ ಇಟ್ಟಾಗ ನೀರು ತುಳುಕಿ ನೆಲಕ್ಕೆ ಬಿತ್ತು. ಸಂಗವ್ವನ ಕಣ್ಣು ಆ ನೀರಿನ ಮೇಲೆ ನಿಂತಿತು. ಆದರೆ ಅಷ್ಟರಲ್ಲಿ ಮಂಚದಿಂದ ರಾಚಯ್ಯ ಮೊಬೈಲಿನತ್ತ ಎಡಗೈ ಚಾಚಿ, ಸೊಟ್ಟ ಬಾಯಿಯಿಂದ, "ದಾನಿ... ಏನು?" ಎಂದು ಕೇಳುತ್ತಿದ್ದ. ಅವನ ಕಣ್ಣು ಹೆಂಡತಿಯ ಮೇಲಿತ್ತು.

"ಹೌದ್ರಿ," ಎಂದಳು ಸಂಗವ್ವ. "ನಮ್ಮ ದಾನಿ."

ಪ್ರವೀಣಕುಮಾರ ಅಂದೇ ಅದನ್ನು ಗುಂಪಿಗೆ ಹಾಕಿದ. ಕಳೆದುಹೋದ ಕಂತು ಸಿಕ್ಕಿತು, ಅದರಲ್ಲಿದ್ದ ಮಗು ಈಗಿಲ್ಲ ಎಂದು ಬರೆದ. ಅಲ್ಲಿಂದ ಅದು ಊರೂರಿಗೆ ಹೋಯಿತು. ಕೈ ಮುಗಿದ ಚಿತ್ರಗಳು, ಶಾಂತಿ ಸಿಗಲಿ ಎಂಬ ಮಾತುಗಳು ಬಂದು ಬಿದ್ದವು. ಸೊಸೆ ಆ ಚಿತ್ರವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಳು. ರಾಚಯ್ಯನ ಮಂಚಕ್ಕೆ ಎದುರಾಗಿ, ಗುರುಸಿದ್ದವ್ವನ ಫೋಟೋದ ಪಕ್ಕಕ್ಕೆ ತೂಗುಹಾಕಿದರು. ವಿಭೂತಿ ಹಚ್ಚಿ, ಸೇವಂತಿಗೆಯ ಮಾಲೆ ಹಾಕಿದರು. ರಾಚಯ್ಯ ಬೆಳಿಗ್ಗೆ ಎದ್ದರೆ ಮೊದಲು ಅದನ್ನು ನೋಡುತ್ತಿದ್ದ. "ಹೂ ಬಾಡ್ಯಾವ," ಎಂದು ಜ್ಞಾಪಿಸುತ್ತಿದ್ದ. ಲಕ್ವಾ ಹೊಡೆದಾಗಿನಿಂದ ಅವನು ಏನನ್ನೂ ಬೇಕೆಂದು ಕೇಳಿದವನಲ್ಲ. ಈಗ ಹೂ ಕೇಳುತ್ತಿದ್ದ.

ಹೂ ಬದಲಿಸುವುದು ಸಂಗವ್ವನ ಪಾಲಿಗೆ ಬಂತು. ಹಾಗೆ ಬದಲಿಸುವಾಗಲೇ, ಮಹಾನವಮಿಯ ಹಿಂದಿನ ದಿನ, ಗಾಜು ಒರೆಸುತ್ತಿದ್ದ ಅವಳ ಬೆರಳು ಚಿತ್ರದ ಕೆಳಮೂಲೆಗೆ ಹೋಗಿ ನಿಂತಿತು. ಹುಡುಗಿಯ ಪಾದದ ಹಿಂದೆ ಬಾಗಿಲ ತೋಳು ಹೊಸ್ತಿಲಿಗೆ ಕೂಡುವ ಜಾಗ. ಅಲ್ಲಿ ಕಮಲ ಇರಬೇಕು. ಇತ್ತು, ಆದರೆ ಮೇಲಿನ ಎಸಳುಗಳಷ್ಟೇ. ಕೆಳಗಿನ ಅರ್ಧ ಇರಲಿಲ್ಲ. ಕತ್ತರಿಸಿದ ತೋಳು ನೇರ ಹೊಸ್ತಿಲ ಮೇಲೆ ಕೂತಿತ್ತು.

ಬಾಗಿಲು ಒಯ್ಯುವ ದಿನ ಶಂಕರಲಿಂಗಪ್ಪ ಚೌಕಟ್ಟಿಗೆ ಹಗ್ಗ ಹಿಡಿದು ಅಳೆದು, ನಮ್ಮ ಮನಿ ಮಾಳಿಗಿ ಗಿಡ್ಡ, ಕೆಳಗ ಒಂದೀಟು ಕೊಯ್ಸಬೇಕಾಗ್ತೈತಿ ಅಂದದ್ದು ನೆನಪಾಯಿತು. ಆಗ ಅವಳು ಒಳಗೆ ಹೋಗಿದ್ದಳು, ಆ ಮಾತು ಕೇಳಲಾಗದೆ.

"ಏನ್... ನೋಡ್ತಿ?" ಎಂದ ರಾಚಯ್ಯ ಹಿಂದಿನಿಂದ.

"ಧೂಳ," ಎಂದಳು. ಮಾಲೆ ಹಾಕಿದಳು.

ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಸೊಸೆಯ ಫೋನಿನಿಂದ ಪ್ರವೀಣಕುಮಾರನಿಗೆ ಹಚ್ಚಿ, "ನನ್ನ ಕಮತಗಿಗೆ ಕರಕೊಂಡ ಹೋಗ್ರಿ. ನಮ್ಮ ಬಾಗಲಾ ನೋಡ್ಬೇಕು," ಅಂದಳು. ಅಷ್ಟೇ ಅಂದಳು.

ಶಾಬುದ್ದೀನನ ಹಳೆಯ ಓಮ್ನಿಯಲ್ಲಿ ಹೊರಟರು. ಮಳೆ ಹಿಂದಕ್ಕೆ ಸರಿದಿತ್ತು. ದಾರಿಯ ಎರಡೂ ಬದಿಗೆ ತೊಗರಿ ನಿಂತಿತ್ತು. ಮಾಸ್ತರ ಬಾಗಿಲಿನ ಬಗ್ಗೆ ಒಂದು ವಿಡಿಯೋ ಮಾಡುವ ಹುರುಪಿನಲ್ಲಿದ್ದ. "ಅಮ್ಮಾರ, ನೀವು ಬಾಗಲದ ಮುಂದ ನಿಂತು ಎರಡ ಮಾತ ಆಡಿಬಿಟ್ರ..."

"ಮಾಸ್ತರ, ಸ್ವಲ್ಪ ಸುಮ್ನ ಕುಂಡ್ರಲೇ," ಎಂದ ಶಾಬುದ್ದೀನ, ಕನ್ನಡಿಯಲ್ಲಿ ಸಂಗವ್ವನ ಮುಖ ನೋಡಿ.

ಕಮತಗಿಯ ಆ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಗಿಡ್ಡ ಮಾಳಿಗೆಯ ಮನೆಗೆ ಆ ಬಾಗಿಲು ಹಿರಿಯರ ಅಂಗಿ ತೊಟ್ಟ ಹುಡುಗನ ಹಾಗೆ ದೊಡ್ಡದಾಗಿ ಕಾಣುತ್ತಿತ್ತು. ಸಂಗವ್ವ ಮೆಟ್ಟು ಬಿಟ್ಟು ಹೊಸ್ತಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅರ್ಧ ಕಮಲ. ಉಳಿದ ಎಸಳುಗಳ ಸಂದಿಯಲ್ಲಿ ಬೇರೆ ಯಾರದೋ ಬೆರಳು ತುಂಬಿದ ಅರಿಷಿಣ, ಆ ದಿನದ್ದೇ. ಅದರ ಮೇಲೆ ಬೆರಳಾಡಿಸಿದಳು.

ಶಂಕರಲಿಂಗಪ್ಪ ತೀರಿ ಹೋಗಿದ್ದ. ಹೊರಗೆ ಬಂದವಳು ಅವನ ಮಗಳು ಪದ್ಮಶ್ರೀ. ಹೆರಿಗೆಗೆಂದು ತವರಿಗೆ ಬಂದಿದ್ದ ತುಂಬು ಬಸುರಿ. ಯಾರು, ಏನು ಎಂದು ಕೇಳುವ ಮೊದಲೇ ಒಳಗೆ ಹೋಗಿ ನೀರು ತಂದಳು. ನಡೆಯುವಾಗ ಹೊಟ್ಟೆಯ ಭಾರಕ್ಕೆ ಓಲಾಡಿ ತಂಬಿಗೆಯಿಂದ ನೀರು ತುಳುಕಿ ಸೀರೆಯ ನಿರಿಗೆಯ ಮೇಲೆ ಚೆಲ್ಲಿತು. "ಯವ್ವಾ, ನಂದ ಯಾವಾಗಲೂ ಹಿಂಗರಿ," ಎಂದು ನಕ್ಕಳು.

ಪ್ರವೀಣಕುಮಾರ ಮೊಬೈಲಿನಲ್ಲಿ ಚಿತ್ರ ತೋರಿಸಲು ಕೈ ಎತ್ತಿದವನು, ಅವಳ ಒದ್ದೆ ನಿರಿಗೆ ನೋಡಿ ಮತ್ತೆ ಚಿತ್ರ ನೋಡಿ, ಕೈ ಇಳಿಸಿದ. ಸಂಗವ್ವನೇ ಅವನ ಕೈಯಿಂದ ಮೊಬೈಲು ತೆಗೆದುಕೊಂಡು ಅವಳ ಮುಂದೆ ಹಿಡಿದಳು.

"ಇದು ನೀ ಏನವಾ?"

"ಅಯ್ಯ, ನಾನ್ರಿ! ಇದೆಲ್ಲಿ ಸಿಕ್ತರಿ ನಿಮಗ? ಸಾಲ್ಯಾಗ ಮೂರನೇತ್ತೆ ಇದ್ದೆ. ಅಪ್ಪಾ ಇದನ್ನ ನೋಡಬೇಕಂತ ಎಷ್ಟ ಬಡಕೊಂಡಾ." ಪದ್ಮಶ್ರೀ ಕಟ್ಟೆಯ ಮೇಲೆ ಕೂತು, ಉಸಿರು ತೆಗೆದುಕೊಂಡು, ಸಡಗರದಿಂದ ಹೇಳತೊಡಗಿದಳು. "ಯಾರೋ ವಕೀಲರ ಧಾರಾವಾಹಿ ಅಂತ್ರಿ. ಡೈರೆಕ್ಟರು ಹುನಗುಂದಕ್ಕ ಹೊಂಟವರು ಈ ಬಾಗಲಾ ನೋಡಿ ಗಾಡಿ ನಿಂದ್ರಿಸಿದ್ರಂತ. ಈ ಬಾಗಲಾ ನಂಗೊತ್ತು, ಇದು ಬಾಗಲಕೋಟ್ಯಾಗಿತ್ತು ಅಂದ್ರು. ಮುಟ್ಟಿ ಮುಟ್ಟಿ ನೋಡಿದ್ರು. ಆಮ್ಯಾಲೆ ನನ್ನ ಕರದು ಕೈಯಾಗ ತಂಬಿಗಿ ಕೊಟ್ಟು ನಡಸಾಕ ಹತ್ತಿದ್ರು. ಎಷ್ಟ ಸಲ ನಡದೇನೋ. ಒಂದೊಂದ ಸಲಾನೂ ಬೈಯೂದು."

"ಯಾಕ ಬೈತಿದ್ರು?" ಎಂದಳು ಸಂಗವ್ವ.

"ನಾ ಚೆಲ್ತಿದ್ದೆ. ಅವರ ದನಿ ಇನ್ನೂ ಕಿವ್ಯಾಗೈತ್ರಿ. 'ಆ ಮಗು ಒಂದು ಹನಿ ಚೆಲ್ಲಲಿಲ್ಲ ಕಣಮ್ಮ. ಯಾರೂ ಹೇಳಿಕೊಡದೆ ತಾನೇ ತಗೊಂಡು ಬಂತು. ನೀನೂ ಹಾಗೇ ಬಾ.' ಬರೇ ಆ ಮಗು, ಆ ಮಗು. ಹೆಸರ ಗೊತ್ತಿದ್ದಿಲ್ಲ ಅವರಿಗೆ. ಬಾಗಲಕೋಟ್ಯಾಗ ಇದ ಬಾಗಲದಾಗ ಯಾವದೋ ಹುಡಗಿ ನೀರ ಕೊಟ್ಟಿದ್ಲಂತ. ನಂಗ ಅಕೀ ಮ್ಯಾಲೆ ಎಷ್ಟ ಸಿಟ್ಟ ಬಂದಿತ್ತಂದ್ರ, ಸಿಕ್ರ ಜಡಿ ಹಿಡದು ಜಗ್ಗಬೇಕು ಅನಸ್ತಿತ್ತು."

ಆಕೆ ನಕ್ಕಳು. ಬೇರೆ ಯಾರೂ ನಗದಿದ್ದುದನ್ನು ನೋಡಿ ನಿಲ್ಲಿಸಿದಳು. ಅರಿಷಿಣ ಹತ್ತಿದ ಸಂಗವ್ವನ ಬೆರಳನ್ನು ನೋಡಿದಳು.

"ನಿಮ್ಮಕಿ ಏನ್ರಿ ಆ ಹುಡಗಿ? ಈಗೆಲ್ಲಿದಾಳ್ರಿ?"

"ಇಲ್ಲವಾ," ಎಂದಳು ಸಂಗವ್ವ. ನಂತರ, ಬಸುರಿಯ ಮುಂದೆ ಇಂಥ ಮಾತು ಬೆಳೆಸಬಾರದೆಂದು, ತಂಬಿಗೆ ಎತ್ತಿ ಉಳಿದ ನೀರನ್ನೆಲ್ಲ ಕುಡಿದಳು. "ನೀರು ಭಾಳ ಸಿಹಿ ಅದಾವು. ಎಂದು ಹೇಳ್ಯಾರ ದವಾಖಾನ್ಯಾಗ?"

"ದೀಪಾವಳಿ ಹಿಂದಮುಂದ ಅಂದಾರ್ರಿ."

ಹೊರಡುವಾಗ ಪದ್ಮಶ್ರೀ ಕುಂಕುಮ ಹಚ್ಚಿದಳು, ಬಗ್ಗಲಾರದೆ ಬಗ್ಗಿ ಕಾಲು ಮುಟ್ಟಲು ಬಂದಳು. ಸಂಗವ್ವ ಗಾಬರಿಯಿಂದ ಅವಳ ಎರಡೂ ತೋಳು ಹಿಡಿದು ನಿಲ್ಲಿಸಿದಳು. ತನ್ನ ಮನೆಯ ಗೋಡೆಯ ಮೇಲೆ ಈ ಮುಖಕ್ಕೇ ವಿಭೂತಿ ಹಚ್ಚಿದೆ. ಇವತ್ತು ಬೆಳಿಗ್ಗೆ ತಾನೇ ಕೈಯಾರೆ ಹೊಸ ಮಾಲೆ ಹಾಕಿ ಬಂದಿದ್ದಾಳೆ. ತೋಳು ಬೆಚ್ಚಗಿದ್ದವು.

ಓಮ್ನಿ ಊರು ದಾಟಿತು.

"ಡೈರೆಕ್ಟರು ಈಗ..." ಎಂದು ಕೇಳಿದಳು ಸಂಗವ್ವ.

"ತೀರ್ಕೊಂಡ್ರಿ. ಹತ್ತ ವರ್ಷದ ಮ್ಯಾಲಾತು," ಎಂದ ಶಾಬುದ್ದೀನ.

ನೋಡಿದವನೂ ಹೋದ, ಹಿಡಿದಿಟ್ಟ ಟೇಪೂ ಹೋಯಿತು. ಸಂಗವ್ವ ಕಿಟಕಿಯ ಹೊರಗೆ ನೋಡಿದಳು.

"ನಂದ ತಪ್ಪರಿ ಅಮ್ಮಾರ," ಎಂದ ಪ್ರವೀಣಕುಮಾರ, ತಲೆ ತಗ್ಗಿಸಿ. "ಬಾಗಲಾ ಒಂದ ಅಂತ ಮನೀನೂ ಒಂದ ಅಂದೆ. ಬಾಗಲಾ ಊರ ಬಿಟ್ಟ ಹೋಗಿರ್ತೈತಿ ಅನ್ನೂದ ತಲ್ಯಾಗ ಬರಲಿಲ್ಲ."

"ನೀವು ಬಾಗಲದಾಗ ತಪ್ಪಿದ್ರಿ ಮಾಸ್ತರ. ನಾ ಹಡದಾಕಿ, ಮಗಳಾಗ ತಪ್ಪಿದೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ಗುಂಪಿನಾಗ ಹಾಕೀರಲ್ಲ, ಅದನ್ನ ಇಲ್ಲೇ ಈಗ ತಗೀರಿ. ಬದಕಿದಾಕಿಗೆ ಮಂದಿ ಶಾಂತಿ ಕೋರಾಕ ಹತ್ಯಾರ. ಹೊಟ್ಯಾಗ ಕೂಸೈತಿ."

ಮಾಸ್ತರ ಅಲ್ಲೇ ಅಳಿಸಿದ. ಆಗಲೇ ಬೇರೆ ಗುಂಪುಗಳಿಗೆ ಹೋದದ್ದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಒಬ್ಬೊಬ್ಬರಿಗೂ ಫೋನು ಹಚ್ಚುತ್ತ ಕೂತ. ಶಿರೂರಿನ ತನಕವೂ ಹಚ್ಚುತ್ತಲೇ ಇದ್ದ.

ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಮಗ, ಸೊಸೆ ಕೆಲಸದಿಂದ ಇನ್ನೂ ಬಂದಿರಲಿಲ್ಲ. ರಾಚಯ್ಯ ದಿಂಬಿಗೆ ಒರಗಿ ಎದುರಿನ ಗೋಡೆ ನೋಡುತ್ತಿದ್ದ. ಸಂಗವ್ವ ಕಾಲು ತೊಳೆದು ಒಳಗೆ ಬಂದು, ಅವನ ದೃಷ್ಟಿಗೆ ಅಡ್ಡವಾಗಿ ನಿಂತಳು. ಏನೂ ಹೇಳದೆ ಇದ್ದುಬಿಡಬಹುದಿತ್ತು. ಇದ್ದಷ್ಟು ದಿನ ಅವನು ನೋಡಿಕೊಂಡಿರುತ್ತಿದ್ದ. ಆದರೆ ಹಿಡಿದಿದ್ದ ತೋಳುಗಳ ಬಿಸಿ ಇನ್ನೂ ಅವಳ ಅಂಗೈಯಲ್ಲಿತ್ತು.

ಮೊದಲು ಮಾಲೆ ತೆಗೆದಳು. ಸೆರಗಿನಿಂದ ಗಾಜಿನ ಮೇಲಿನ ವಿಭೂತಿ ಒರೆಸಿದಳು. ಕಟ್ಟನ್ನು ಇಳಿಸಿ, ಮುಖ ಗೋಡೆಗೆ ಮಾಡಿ ಕೆಳಗಿಟ್ಟಳು.

"ಯಾಕ?" ಎಂದ ರಾಚಯ್ಯ.

ಆಕೆ ಮಂಚದ ಅಂಚಿಗೆ ಕೂತು ಹೇಳಿದಳು. ಕತ್ತರಿಸಿದ ಕಮಲ, ಗಿಡ್ಡ ಮಾಳಿಗೆ, ಶಂಕರಲಿಂಗಪ್ಪನ ಮಗಳು, ಡೈರೆಕ್ಟರ ಮಾತು. ಬಿಟ್ಟು ಬಿಟ್ಟು ಹೇಳಿದಳು, ಅವನು ಮಾತಾಡುವ ಹಾಗೆಯೇ. ಅವನ ಎಡಗೈ ಹೊದಿಕೆಯ ಅಂಚನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯಿತು. ಅವಳು ಮುಗಿಸಿದ ಮೇಲೆ ಅವನು ಗೋಡೆಯತ್ತ ನೋಡಿದ. ಅಲ್ಲಿ ಈಗ ಗುರುಸಿದ್ದವ್ವ ಒಬ್ಬಳೇ ಇದ್ದಳು.

"ಹೋದಾಗ... ನೀರ ಕೊಟ್ಲೇನು... ಅಕಿ?" ಎಂದು ಕೇಳಿದ.

"ಕೊಟ್ಲು. ಕೇಳೂಕಿಂತ ಮೊದಲ ತಂದ್ಲು."

"ಚೆಲ್ಲಿದ್ಲೇನು?"

"ಚೆಲ್ಲಿದ್ಲು."

ರಾಚಯ್ಯ ಕಣ್ಣು ಮುಚ್ಚಿದ. ಎಡಗಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಒರೆಸಿಕೊಳ್ಳಲಿಲ್ಲ.

"ನಮ್ಮಕಿ," ಎಂದ. ಮುಂದಿನ ಮಾತಿಗೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಸಂಗವ್ವ ಕಾದಳು. "ನಮ್ಮಕಿ... ಚೆಲ್ತಿದ್ದಿಲ್ಲ."